ಕುಡಿಯದೆಯೇ ಕುಡಿತ ಬಿಟ್ಟವನು

ಎಲ್ಡನ್ ಪ್ರುಸಾಕ್ ಕುಡುಕನಾದದ್ದು ನವೆಂಬರಿನ ಒಂದು ಸೋಮವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಶಾಲೆಯ ವ್ಯಾಯಾಮ ಮಂದಿರದಲ್ಲಿ, ಅರವತ್ತು ಮಕ್ಕಳ ಸಮಕ್ಷಮದಲ್ಲಿ, ಒಂದು ತೊಟ್ಟನ್ನೂ ಬಾಯಿಗೆ ಬಿಟ್ಟುಕೊಳ್ಳದೆ. ಕುಡುಕರಾಗಲು ಮನುಷ್ಯರು ವರ್ಷಗಟ್ಟಲೆ ಶ್ರಮಪಡುತ್ತಾರೆ; ಮನೆ ಕಳೆಯುತ್ತಾರೆ, ಮಾನ ಕಳೆಯುತ್ತಾರೆ, ಯಕೃತ್ತು ಕಳೆಯುತ್ತಾರೆ. ಎಲ್ಡನ್ನನಿಗೆ ಬೇಕಾದದ್ದು ಒಂದು ಪೆನ್ನು ಮಾತ್ರ.

ಅವನು ವಿಸ್ಕಾನ್ಸಿನ್ನಿನ ಹ್ಯಾಡ್ಲಿ ಕ್ರೀಕ್ ಎಂಬ ಊರಿನಲ್ಲಿ ಶಾಲೆಯ ಬಸ್ಸು ಓಡಿಸುವವನು. ಆ ಊರಿಗೆ ಚರ್ಚು ಎರಡು, ಮದ್ಯದಂಗಡಿ ನಾಲ್ಕು, ಹಳದಿ ಬಸ್ಸು ಆರು. ಆರರಲ್ಲಿ ಒಂದು ಎಲ್ಡನ್ನನದು, ಇಪ್ಪತ್ತೆರಡು ವರ್ಷಗಳಿಂದ. ಸರಕಾರದ ಕಾಗದಗಳಲ್ಲಿ ಅದು ಜಿಲ್ಲೆಯ ಸ್ವತ್ತು ಎಂದಿರಬಹುದು. ಆದರೆ ಭಾನುವಾರ ಅದರ ಗಾಜು ಒರೆಸುವವನು ಜಿಲ್ಲೆಯಲ್ಲ, ಎಲ್ಡನ್. ಆ ಆಸನದಲ್ಲಿ ಕೂತಾಗ ಅವನು ರಾಜ. ಇಳಿದರೆ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯದವನು. ಬಸ್ಸಿಲ್ಲದ ಎರಡು ತಿಂಗಳ ಬೇಸಿಗೆ ರಜೆಯಲ್ಲಿ ಅವನ ಹೆಂಡತಿ ಮಾರ್ಲಿಸ್ ದೇವರಲ್ಲಿ ಬೇಡುತ್ತಿದ್ದುದು ಶಾಲೆ ಬೇಗ ತೆರೆಯಲಿ ಎಂಬುದೊಂದನ್ನೇ.

ಆ ಸೋಮವಾರ ಯಾರೋ ಬಸ್ಸಿನಲ್ಲಿ ಮರೆತಿದ್ದ ಕೊಳಲಿನ ಪೆಟ್ಟಿಗೆಯನ್ನು ಕೊಡಲು ಅವನು ಶಾಲೆಯೊಳಗೆ ಹೋದ. ವ್ಯಾಯಾಮ ಮಂದಿರದಲ್ಲಿ ನೂರೆಂಬತ್ತು ವರ್ಷಗಳ ಹಿಂದಿನ ಸಮಾಜ ಸುಧಾರಕರೆಲ್ಲ ನೆರೆದಿದ್ದರು. ಎಂಟನೆಯ ತರಗತಿಯ ಚರಿತ್ರೆಯ ಪಾಠವದು. ಟೀಚರು ಮಿಸ್ ಟೋರ್ಗರ್ಸನ್ ಪ್ರತಿ ಮಗುವಿಗೂ ಒಂದು ಪಾತ್ರ, ಒಂದು ಮೇಜು ಕೊಟ್ಟು, ಬಂದವರ ಮನವೊಲಿಸಿ ಸಹಿ ಸಂಗ್ರಹಿಸಿರೆಂದು ಹೇಳಿದ್ದರು. ಕಾಗದದ ಸರಪಳಿ ಕಡಿಯುತ್ತ ಗುಲಾಮರ ಬಿಡುಗಡೆ ಕೇಳುವವನೊಬ್ಬ. ಹೆಂಗಸರಿಗೆ ಮತ ಕೊಡಿ ಎಂದು ಪಟ್ಟಿ ತೊಟ್ಟ ಮೂವರು. ಸೆರೆಮನೆಯಲ್ಲಿ ಹುಚ್ಚರನ್ನು ಕಟ್ಟಿಹಾಕಬೇಡಿ ಎಂದು ಹುಲ್ಲಿನ ಮೇಲೆ ಕೂತವಳೊಬ್ಬಳು. ಎಲ್ಲರ ಹಾಳೆಯೂ ಸಹಿಗಳಿಂದ ತುಂಬಿತ್ತು. ಮೂಲೆಯ ಮೇಜೊಂದರ ಹಾಳೆ ಮಾತ್ರ ಹಿಮದಂತೆ ಬೆಳ್ಳಗಿತ್ತು. ಅಲ್ಲಿ ಅಜ್ಜಿಯ ಕಪ್ಪು ಟೋಪಿ ಧರಿಸಿ ನಿಂತಿದ್ದವಳು ಬ್ರಿನ್ನಾ ಒಲ್ಸ್ಟಾಡ್, ಎಲ್ಡನ್ನನ ಬಸ್ಸು ಬೆಳಿಗ್ಗೆ ಮೊದಲು ಹತ್ತಿಸಿಕೊಳ್ಳುವ ಹುಡುಗಿ. ಅವಳ ಪಾಲಿಗೆ ಬಂದಿದ್ದುದು ಪಾನನಿರೋಧ. ವಿಸ್ಕಾನ್ಸಿನ್ನಿನಲ್ಲಿ ಪಾನನಿರೋಧ ಬೋಧಿಸುವುದೆಂದರೆ ಮೀನುಗಳಿಗೆ ಕೊಡೆ ಮಾರಿದ ಹಾಗೆ.

"ಅಯ್ಯಾ, ತಮ್ಮ ಮನೆಮಠವನ್ನು ಮದ್ಯವೆಂಬ ಮಾರಿಯಿಂದ ಕಾಪಾಡಿಕೊಳ್ಳುವಿರಾ?" ಎಂದಳು ಬ್ರಿನ್ನಾ, ಬಾಯಿಪಾಠದ ದನಿಯಲ್ಲಿ. ಆಮೇಲೆ ಮೆಲ್ಲಗೆ, "ಮಿಸ್ಟರ್ ಪ್ರುಸಾಕ್, ಒಂದೇ ಒಂದು ಸಹಿ ಹಾಕಿ. ಬೆಳಿಗ್ಗೆಯಿಂದ ಯಾರೂ ಈ ಕಡೆ ಸುಳೀಲಿಲ್ಲ."

ಎಲ್ಡನ್ನನಿಗೆ ಕರುಣೆ ಹುಟ್ಟಿತು. ಕರುಣೆಯ ಹಿಂದೆಯೇ ಒಂದು ಸಣ್ಣ ಜಂಬವೂ ಎದ್ದು ನಿಂತಿತು. ನಾಲ್ಕನೆಯ ತರಗತಿಯಲ್ಲಿ ಕನ್ಯಾಮಠದ ಸೋದರಿಯರಿಂದ ಕೈಬರಹಕ್ಕೆ ಬಹುಮಾನ ಪಡೆದವನು ಅವನು. ಹಾಳೆಯ ಮೇಲ್ಭಾಗದಲ್ಲಿ ಹುಡುಗಿ ಏನೋ ನಾಲ್ಕು ಸಾಲು ಬರೆದಿದ್ದಳು. ಕನ್ನಡಕ ಬಸ್ಸಿನಲ್ಲಿತ್ತು. ಕನ್ನಡಕವಿಲ್ಲ ಎನ್ನಲು ನಾಚಿ, ಓದಿದವನಂತೆ ಎರಡು ಸಲ ತಲೆದೂಗಿ, "ಸತ್ಯವಾದ ಮಾತು" ಎಂದು ಹೇಳಿ, ಹಾಳೆಯ ನಟ್ಟನಡುವೆ ಅಂಗೈಯಗಲದ ಅಕ್ಷರಗಳಲ್ಲಿ ಸುರುಳಿ ಸುರುಳಿಯಾಗಿ ಸಹಿ ಮಾಡಿದ. ಅಷ್ಟರಲ್ಲಿ ಊರಿನ ವಾರಪತ್ರಿಕೆಯವಳು ಒಂದು ಫೋಟೋ ತೆಗೆದಳು. ಎಲ್ಡನ್ ಹಲ್ಲು ಕಾಣುವಂತೆ ನಕ್ಕ.

ಪತ್ರಿಕೆ ಬುಧವಾರ ಮನೆಮನೆಗೆ ಬಂತು. ಫೋಟೋದಲ್ಲಿ ಬ್ರಿನ್ನಾಳ ಟೋಪಿಯ ಅಂಚು, ಎಲ್ಡನ್ನನ ಹಲ್ಲು, ಹಾಳೆ. ಹಾಳೆಯ ಮೇಲೆ ಊರಿಗೆ ಊರೇ ಓದಬಹುದಾದಷ್ಟು ಸ್ಪಷ್ಟವಾಗಿ: "ಇದುವರೆಗೆ ಕುಡಿತದ ಕೆಸರಿನಲ್ಲಿ ಹೊರಳಿ, ಮಡದಿಯ ಕಣ್ಣೀರಿಗೂ ನೆರೆಯವರ ನಾಚಿಕೆಗೂ ಕಾರಣನಾದ ನಾನು, ಇಂದಿನಿಂದ ಬಿಯರು, ವೈನು, ವಿಸ್ಕಿಗಳನ್ನು ಎಂದೆಂದಿಗೂ ಮುಟ್ಟೆನು." ಕೆಳಗೆ ಒಂದೇ ಒಂದು ಸಹಿ.

ಹ್ಯಾಡ್ಲಿ ಕ್ರೀಕಿನ ಜನ ಕೆಟ್ಟವರಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಯಾರಾದರೊಬ್ಬ ಎಲ್ಡನ್ನನನ್ನು ತಡೆದು, ಇದೇನಯ್ಯ ಎಂದು ಕೇಳುತ್ತಿದ್ದ, ಅವನು ಹೇಳುತ್ತಿದ್ದ, ಇಬ್ಬರೂ ನಗುತ್ತಿದ್ದರು. ಆದರೆ ಅವರು ಒಳ್ಳೆಯವರು. ಒಳ್ಳೆಯವರು ಕೇಳುವುದಿಲ್ಲ, ಅಡುಗೆ ಮಾಡಿಕೊಂಡು ಬರುತ್ತಾರೆ. ಆ ಊರಿನಲ್ಲಿ ಸಾವಿಗೂ, ಬಾಣಂತನಕ್ಕೂ, ಮಂಡಿಯ ಶಸ್ತ್ರಚಿಕಿತ್ಸೆಗೂ ಒಂದೇ ತಿನಿಸು: ನೂಡಲ್ಸು, ಟ್ಯೂನಾ ಮೀನು, ಮೇಲೊಂದು ಪದರ ಚೀಸು ಹಾಕಿ ಅಗಲ ಪಾತ್ರೆಯಲ್ಲಿ ಬೇಯಿಸಿದ್ದು. ಬುಧವಾರ ಸಂಜೆ ಆರಕ್ಕೆ ಪಕ್ಕದ ಮನೆಯ ಲವೆರ್ನ್ ಅಂಥದೊಂದು ಪಾತ್ರೆ ಹಿಡಿದು ಬಂದಳು. ಮಾರ್ಲಿಸಳನ್ನು ಉಸಿರು ಕಟ್ಟುವಷ್ಟು ಹೊತ್ತು ತಬ್ಬಿಕೊಂಡಳು. ಪಾತ್ರೆ ವಾಪಸಿಗೆ ಅವಸರವೇನಿಲ್ಲ ಎಂದು ಹೇಳಿ ಹೋದಳು. ಏಳಕ್ಕೆ ಮತ್ತೊಂದು ಬಂತು. ಎಂಟಕ್ಕೆ ಎರಡು.

ಮಾರ್ಲಿಸ್ ಪತ್ರಿಕೆ ಓದಿರಲಿಲ್ಲ. ಸತ್ತವರು ಯಾರು ಎಂದು ಅವಳು ಗಂಡನನ್ನು ಕೇಳಿದಳು. ಎಲ್ಡನ್ ಪತ್ರಿಕೆ ತಂದು, ಕನ್ನಡಕ ಹಾಕಿಕೊಂಡು, ತಾನು ಪ್ರತಿಜ್ಞೆ ಮಾಡಿದ್ದು ಏನೆಂಬುದನ್ನು ಮೊದಲ ಬಾರಿಗೆ ಓದಿದ. ಓದಿ ಎದ್ದು ನಿಂತ. ನಿಂತವನು ಕೂತ. ಕೂತವನು ಮತ್ತೆ ಎದ್ದು ಗ್ಯಾರೇಜಿಗೆ ಹೋದ. ಗ್ಯಾರೇಜಿನ ಹಳೆಯ ಫ್ರಿಜ್ಜಿನಲ್ಲಿ ತಿಂಗಳಾನುಗಟ್ಟಲೆಯಿಂದ ಇದ್ದ ನಾಲ್ಕು ಬಿಯರ್ ಡಬ್ಬಿಗಳು ಮಾಯವಾಗಿದ್ದವು. ಅವುಗಳ ಜಾಗದಲ್ಲಿ ನಾಲ್ಕು ಕಿತ್ತಳೆ ಸೋಡಾ, ಅವಕ್ಕೆ ಅಂಟಿಸಿದ ಚೀಟಿಯ ಮೇಲೆ ಲವೆರ್ನಳ ಗಂಡನ ಕೈಬರಹ: ನಾವೆಲ್ಲ ನಿನ್ನ ಜೊತೆ ಇದ್ದೇವೆ.

ಗುರುವಾರ ಎಲ್ಡನ್ ಸಿಕ್ಕಸಿಕ್ಕವರಿಗೆ ವಿವರಿಸಲು ಹೊರಟ. ಅಂಚೆಯವನಿಗೆ ಹೇಳಿದ, ಪೆಟ್ರೋಲ್ ಬಂಕಿನಲ್ಲಿ ಹೇಳಿದ, ಚರ್ಚಿನ ಮೆಟ್ಟಿಲ ಮೇಲೆ ಫಾದರ್‌ಗೆ ಹೇಳಿದ. ತಾನು ಕುಡುಕನಲ್ಲ, ಅದು ಮಕ್ಕಳ ಆಟ, ಕನ್ನಡಕ ಬಸ್ಸಿನಲ್ಲಿತ್ತು ಎಂದು. ಕೇಳಿದವರೆಲ್ಲ ಅವನ ಭುಜ ಹಿಸುಕಿದರು. ಕುಡುಕರು ಮೊದಲು ಹೇಳುವ ಮಾತು ಅದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಕನ್ನಡಕದ ಮಾತು ಬಂದಾಗಲಂತೂ ಫಾದರ್ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಎಂಥೆಂಥ ನೆಪಗಳನ್ನೋ ಕೇಳಿದ್ದ ಕಿವಿಗಳವು.

ಇತ್ತ ಶಾಲೆಯ ಹೊರಗೂ ಸಹಿ ಸಂಗ್ರಹಿಸಿದವರಿಗೆ ಹೆಚ್ಚು ಅಂಕವೆಂದು ಮಿಸ್ ಟೋರ್ಗರ್ಸನ್ ಹೇಳಿದ್ದರಿಂದ, ಬ್ರಿನ್ನಾ ಗುರುವಾರ ಸಂಜೆ ಟೋಪಿ ಧರಿಸಿ ದಿನಸಿ ಅಂಗಡಿಯ ಬಾಗಿಲಲ್ಲಿ ನಿಂತಳು. ಲವೆರ್ನ್ ಅವಳ ಪಕ್ಕಕ್ಕೆ ಬಂದು ನಿಂತು, ಪಾಪ ಎಲ್ಡನ್ ಒಬ್ಬನೇ ಈ ಭಾರ ಹೊರಬೇಕೆ ಎಂದು ಊರನ್ನೆಲ್ಲ ಕೇಳಿದಳು. ಕೇಳಿದ್ದು ಹೆಂಗಸರನ್ನು, ಸಹಿ ಹಾಕಿದ್ದು ಅವರ ಹಿಂದೆ ತರಕಾರಿಯ ಚೀಲ ಹಿಡಿದು ನಿಂತಿದ್ದ ಗಂಡಂದಿರು. ಕತ್ತಲಾಗುವಷ್ಟರಲ್ಲಿ ಎಲ್ಡನ್ನನ ಸುತ್ತ ನಲವತ್ತು ಹೆಸರು. ಹಾಳೆಯನ್ನು ಅಂಗಡಿಯ ಗಾಜಿಗೆ ಒಳಗಿನಿಂದ ಅಂಟಿಸಲಾಯಿತು. ಮರುದಿನದಿಂದ ಗಂಡಸರು ಆ ಗಾಜಿನ ಮುಂದೆ ಹಾಯಲಾರದೆ ಹಾಲು ತರಲು ಪಕ್ಕದ ಊರಿಗೆ ಹೋಗತೊಡಗಿದರು.

ಶುಕ್ರವಾರ ಬಂತು. ಶುಕ್ರವಾರವೆಂದರೆ ಹ್ಯಾರ್ಲನ್ನನ ಮದ್ಯದಂಗಡಿಯಲ್ಲಿ ಕರಿದ ಮೀನಿನ ಊಟ, ಇಸ್ಪೀಟು, ಒಂದು ಗ್ಲಾಸು ಬಿಯರು. ಎಲ್ಡನ್ ಎಂದಿನಂತೆ ಬಾಗಿಲು ನೂಕಿದ. ಒಳಗಿದ್ದ ಮೂವತ್ತು ಜನರಲ್ಲಿ ಗ್ಲಾಸಿದ್ದವರು ಅದರ ಮೇಲೆ ಟೋಪಿ ಮುಚ್ಚಿದರು. ಸಹಿ ಹಾಕಿದವರೆಲ್ಲ ಗ್ಲಾಸಿಲ್ಲದೆಯೇ ಕೂತಿದ್ದರು, ಚಹಾ ಚೀಲಗಳನ್ನು ಬಿಸಿನೀರಿನಲ್ಲಿ ಅದ್ದುತ್ತ, ಯಾರದೋ ಅಸ್ಥಿ ವಿಸರ್ಜಿಸುತ್ತಿರುವವರಂತೆ.

"ಒಂದು ಬಿಯರ್, ಹ್ಯಾರ್ಲನ್," ಎಂದ ಎಲ್ಡನ್.

ಹ್ಯಾರ್ಲನ್ ಕಿತ್ತಳೆ ಸೋಡಾ ಇಟ್ಟ.

"ನಾನು ಕೇಳಿದ್ದು ಬಿಯರ್."

"ಕೇಳ್ತೀಯ ಅಂತ ಗೊತ್ತಿತ್ತಪ್ಪ," ಎಂದ ಹ್ಯಾರ್ಲನ್ ತಗ್ಗಿದ ದನಿಯಲ್ಲಿ. "ಕೊಡಲ್ಲ. ನಾಳೆ ನೀನೇ ನನಗೆ ಥ್ಯಾಂಕ್ಸ್ ಹೇಳ್ತೀಯ."

ಎಲ್ಡನ್ ಜೀವಮಾನದಲ್ಲಿ ಮೊದಲ ಸಲ ಮೇಜು ಗುದ್ದಿದ. ಬಿಯರಿಗಾಗಿ ಮೇಜು ಗುದ್ದುವ ಮನುಷ್ಯನನ್ನು ನೋಡಿ ಮೂವತ್ತು ಜನರೂ ಮೀನಿನ ಕಡೆಗೆ ತಲೆ ತಗ್ಗಿಸಿದರು. ಸಂದೇಹವಿದ್ದ ಒಬ್ಬಿಬ್ಬರಿಗೂ ಆಗ ಪರಿಹಾರವಾಯಿತು.

ಶನಿವಾರ ಅವನು ಮನೆಯಲ್ಲಿ ನಿಲ್ಲಲಾರದವನಾದ. ಕಿಟಕಿಯಿಂದ ಕಿಟಕಿಗೆ ನಡೆದ. ಸ್ವಚ್ಛವಾಗಿದ್ದ ಚರಂಡಿ ಸ್ವಚ್ಛಮಾಡಿದ. ಒಂದು ಬಿಯರು ತಂದು, ತನ್ನ ಮನೆಯ ಮುಂದಿನ ಜಗಲಿಯಲ್ಲಿ ಕೂತು, ಎಲ್ಲರ ಎದುರು ಅರ್ಧ ಕುಡಿದು ಅರ್ಧ ಚೆಲ್ಲಿಬಿಟ್ಟರೆ ಊರಿಗೆ ಬುದ್ಧಿ ಬಂದೀತೆಂದು ಹೊಳೆಯಿತು. ಇಪ್ಪತ್ತು ಮೈಲಿ ದೂರದ ಊರಿಗೆ ಕಾರು ಓಡಿಸಿಕೊಂಡು ಹೋಗಿ, ಗುರುತು ಸಿಗದಿರಲೆಂದು ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಆರು ಡಬ್ಬಿಗಳ ಒಂದು ಕಟ್ಟು ಹಿಡಿದು ಸಾಲಿನಲ್ಲಿ ನಿಂತ. ಮುಂದೆ ನಿಂತಿದ್ದ ಹೆಂಗಸು ತಿರುಗಿದಳು. ಅವಳು ಶಾಲೆಗಳ ಮೇಲಧಿಕಾರಿ ಡಾಕ್ಟರ್ ಪೆಟಿಬೋನರ ಹೆಂಡತಿ. ಅವಳು ಅವನ ಕೈಯಿಂದ ಕಟ್ಟನ್ನು ಮೃದುವಾಗಿ ತೆಗೆದು, ಚಾಕೊಲೇಟುಗಳ ಮೇಲಿಟ್ಟು, ಅವನನ್ನು ತೋಳು ಹಿಡಿದು ಕಾರಿನವರೆಗೂ ನಡೆಸಿಕೊಂಡು ಬಂದು ಬಿಟ್ಟಳು.

ಮನೆಯಲ್ಲಿ ಮಾರ್ಲಿಸ್ ಹದಿಮೂರನೆಯ ಪಾತ್ರೆ ತೊಳೆಯುತ್ತಿದ್ದಳು. ಮೂವತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸು. ಗಂಡನೆಂಥವನೆಂದು ಅವಳಿಗೆ ಗೊತ್ತು. ಆದರೆ ನಾಲ್ಕು ದಿನ ಊರೆಲ್ಲ ಬಂದು ಅಯ್ಯೋ ಪಾಪವೆಂದು ತಬ್ಬಿಕೊಂಡರೆ ಯಾವ ಹೆಂಗಸಾದರೂ ಹಿಂದಿನದನ್ನೆಲ್ಲ ಒಮ್ಮೆ ಕೆದಕಿ ನೋಡಿಯಾಳು.

"ಎಲ್ಡನ್, ಹೋದ ಈಸ್ಟರ್‌ನಲ್ಲಿ ನೀನು ಹಜಾರದಲ್ಲಿ ಬಿದ್ದೆಯಲ್ಲ."

"ಬೆಕ್ಕು ಕಾಲಿಗೆ ಸಿಕ್ತು ಮಾರ್ಲಿಸ್."

"ಹೌದು," ಎಂದಳು ಅವಳು, ಪಾತ್ರೆ ಉಜ್ಜುತ್ತ. "ಬೆಕ್ಕು ಅಂತಲೇ ನೀನು ಆಗಲೂ ಹೇಳಿದ್ದೆ."

ಸೋಮವಾರ ಬೆಳಿಗ್ಗೆ ಎಲ್ಡನ್ ಬಸ್ಸಿನ ಬಳಿಗೆ ಹೋದಾಗ ಅದರ ಆಸನದಲ್ಲಿ ಬೇರೊಬ್ಬ ಕೂತಿದ್ದ. ಹಿಂಭಾಗದ ಬ್ರೇಕಿನ ಸದ್ದು ಹೇಗೆ ಕೇಳಬೇಕೆಂಬುದು ಕೂಡ ಗೊತ್ತಿಲ್ಲದ, ಚೂಯಿಂಗ್ ಗಮ್ ಅಗಿಯುವ ಮನುಷ್ಯ. ಎಲ್ಡನ್ನನಿಗಾಗಿ ಡಾಕ್ಟರ್ ಪೆಟಿಬೋನ್ ಕಚೇರಿಯಲ್ಲಿ ಕಾಯುತ್ತಿದ್ದರು. ಒಂದು ಯಂತ್ರದ ಕೊಳವೆಗೆ ಊದಲು ಹೇಳಿದರು. ಊದಿದ, ಸೊನ್ನೆ ಬಂತು. ಇಪ್ಪತ್ತೆರಡು ವರ್ಷಗಳ ಕಡತ ತೆಗೆಸಿದರು. ಪ್ರತಿ ತಪಾಸಣೆಯಲ್ಲೂ ಸೊನ್ನೆ, ಸೊನ್ನೆ, ಸೊನ್ನೆ. ಇನ್ನು ಬಸ್ಸು ಕೊಡಿರೆಂದ ಎಲ್ಡನ್.

ಡಾಕ್ಟರ್ ಪೆಟಿಬೋನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಪ್ಪತ್ತೆರಡು ವರ್ಷ ಯಾರ ಕೈಗೂ ಸಿಗದಂತೆ ಇದನ್ನು ಬಚ್ಚಿಡಲು ಅವನು ಎಷ್ಟು ನೊಂದಿರಬೇಕೆಂದು ಮರುಗಿದರು. ತಮಗೆ ಅವನ ಮೇಲೆ ಗೌರವ ಇಮ್ಮಡಿಯಾಗಿದೆ ಎಂದರು. ಆದರೆ ತಂದೆತಾಯಂದಿರಿಂದ ಹತ್ತೊಂಬತ್ತು ಫೋನು ಬಂದಿದ್ದವು. ಅವನೇ ಬರೆದುಕೊಟ್ಟ ತಪ್ಪೊಪ್ಪಿಗೆ ದಿನಸಿ ಅಂಗಡಿಯ ಗಾಜಿನಲ್ಲಿ ನೇತಾಡುತ್ತಿತ್ತು. ಮಂಗಳವಾರ ಸಂಜೆ ಶಾಲಾ ಮಂಡಳಿ ಸೇರುತ್ತದೆ. ಬಸ್ಸು ಎಲ್ಡನ್ನನದೋ ಚೂಯಿಂಗ್ ಗಮ್ಮಿನವನದೋ ಅಲ್ಲೇ ತೀರ್ಮಾನ.

ಮಂಗಳವಾರ ಸಂಜೆ ಶಾಲೆಯ ಗ್ರಂಥಾಲಯದಲ್ಲಿ, ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಊರು ಕೂತಿತ್ತು. ಮಂಡಳಿಯ ಅಧ್ಯಕ್ಷನೆಂದರೆ ಅದೇ ಹ್ಯಾರ್ಲನ್; ಮದ್ಯದಂಗಡಿ ನಡೆಸುವವನಿಗೆ ಎಲ್ಲರ ಪರಿಚಯವಿರುತ್ತದೆಂದು ಊರು ಮೂರು ಸಲ ಅವನನ್ನೇ ಆರಿಸಿತ್ತು. ಐದು ದಿನಗಳಿಂದ ಅಂಗಡಿಯಲ್ಲಿ ಬಿಸಿನೀರು ಮಾರಿ ಅವನ ಮುಖ ಇಳಿದುಹೋಗಿತ್ತು. ಎದುರಿಗೆ ಕೂತ ಗಂಡಸರ ಮುಖಗಳು ಅದಕ್ಕಿಂತ ಇಳಿದಿದ್ದವು. ಬರುವ ಶನಿವಾರ ಜಿಂಕೆ ಬೇಟೆ ಶುರು. ವರ್ಷವಿಡೀ ಅದಕ್ಕಾಗಿ ಕಾದವರು ಅವರು. ಕಾಡಿನ ಬಿಡಾರದಲ್ಲಿ ಒಂಬತ್ತು ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಹಾ ಕುಡಿಯುವುದನ್ನು ನೆನೆದು ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಎಲ್ಡನ್ ಎದ್ದ. "ನಾನು ಕುಡುಕ ಅಲ್ಲ," ಎಂದ.

ಯಾರೋ ಪ್ರೀತಿಯಿಂದ ಕಣ್ಣೊರೆಸುವ ಕಾಗದದ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ ಅವನ ಮುಂದಿಟ್ಟರು.

ಆಗ ಮಿಸ್ ಟೋರ್ಗರ್ಸನ್ ಎದ್ದು ನಿಂತು, ಈ ಮಾತನ್ನು ತಮ್ಮನ್ನು ಯಾರೂ ಕೇಳಲೇ ಇಲ್ಲವೆಂದು ಆಶ್ಚರ್ಯಪಟ್ಟುಕೊಂಡು, ಅದು ಚರಿತ್ರೆಯ ಪಾಠದ ನಾಟಕವೆಂದು ವಿವರಿಸಿದರು. ಪ್ರತಿಜ್ಞೆಯ ಸಾಲುಗಳು ಹುಡುಗಿಯವು, ಎಲ್ಡನ್ನನವಲ್ಲ. ಸಹಿ ಹಾಕಿದವರು ಆ ಕಾಲದ ಜನರ ಪಾತ್ರ ವಹಿಸಿದ್ದಾರೆ ಅಷ್ಟೆ.

ಹ್ಯಾರ್ಲನ್ ಅಧ್ಯಕ್ಷನ ಮರದ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. "ಮಿಸ್, ಒಂದು ಮಾತು. ಎಲ್ಡನ್ ಹಾಕಿದ್ದು ನಾಟಕದ ಸಹಿ ಅಂತಾದ್ರೆ, ಅದೇ ಹಾಳೆ ಮೇಲಿರೋ ಮಿಕ್ಕ ನಲವತ್ತು?"

ಹಾಳೆ ಒಂದೇ ಅಲ್ಲವೇ, ಎಂದರು ಟೀಚರು. ಒಂದು ಸಹಿ ಆಟವಾದರೆ ಎಲ್ಲವೂ ಆಟ. ಒಂದು ನಿಜವಾದರೆ ಎಲ್ಲವೂ ನಿಜ.

ಪುಟ್ಟ ಕುರ್ಚಿಗಳು ಕಿರುಗುಟ್ಟಿದವು. ಊರಿನ ಗಂಡಸರ ಮುಖದ ಮೇಲೆ ಸೂರ್ಯೋದಯವಾಯಿತು. ಎಲ್ಡನ್ ನಿಜವಾದ ಕುಡುಕನಾಗಿದ್ದರೆ ಅವರು ನಿಜವಾದ ಪಾನವಿರೋಧಿಗಳು. ಎಲ್ಡನ್ ನಿರ್ಮಲನಾದರೆ ಶನಿವಾರ ಅವರದು. ಕ್ಷಣಮಾತ್ರದಲ್ಲಿ ಸಾಕ್ಷಿ ಹೇಳಲು ನೂಕುನುಗ್ಗಲಾಯಿತು.

ಮೊದಲು ಎದ್ದವನು ಅವನ ಇಸ್ಪೀಟಿನ ಜೊತೆಗಾರ. "ಹದಿನೆಂಟು ವರ್ಷ ಇವನೆದುರು ಕೂತಿದೀನಿ. ಒಂದು ಗ್ಲಾಸ್ ತಗೋತಾನೆ. ಅದರ ನೊರೆ ಸಾಯತ್ತೆ, ಬಿಸಿ ಆಗತ್ತೆ, ನೋಡೋಕೆ ಸಂಕಟ ಆಗತ್ತೆ. ಅರ್ಧ ಬಿಟ್ಟು ಎದ್ದು ಹೋಗ್ತಾನೆ. ಕುಡುಕರಿಗೇ ಅವಮಾನ ಸ್ವಾಮಿ ಇವನು."

ಇನ್ನೊಬ್ಬ ತನ್ನ ಮಗಳ ಮದುವೆಯನ್ನು ನೆನೆದ. ಎಲ್ಲರೂ ಕುಣಿಯುವಾಗ ಎಲ್ಡನ್ ಕಾಫಿ ಹಿಡಿದು, ವಧುವಿನ ಮಾವನಿಗೆ ಬ್ರೇಕಿನ ಎಣ್ಣೆಯ ವಿಷಯವಾಗಿ ಒಂದೂವರೆ ಗಂಟೆ ಹೇಳಿದನಂತೆ. ಅಂಥ ಮಾತು ಕುಡಿದವನ ಬಾಯಲ್ಲಿ ಬರಲು ಸಾಧ್ಯವೇ ಇಲ್ಲವಂತೆ. ಲವೆರ್ನ್ ತಾನು ಮೂವತ್ತು ವರ್ಷದಿಂದ ಅವರ ಕಸದ ಡಬ್ಬಿ ನೋಡುತ್ತ ಬಂದಿರುವುದಾಗಿಯೂ, ಹಾಲಿನ ಡಬ್ಬಗಳಲ್ಲದೆ ಏನೂ ಕಂಡಿಲ್ಲವೆಂದೂ ಪ್ರಮಾಣ ಮಾಡಿದಳು. ಅವಳು ಏಕೆ ನೋಡುತ್ತಿದ್ದಳೆಂದು ಯಾರೂ ಕೇಳಲಿಲ್ಲ. ಎಲ್ಡನ್ನನಷ್ಟು ಸಪ್ಪೆ ಮನುಷ್ಯ ಜಿಲ್ಲೆಯಲ್ಲೇ ಇಲ್ಲವೆಂದೊಬ್ಬ. ಅವನ ಜೊತೆ ಕುಡಿಯುವುದಕ್ಕಿಂತ ಗೋಡೆಯ ಜೊತೆ ಕುಡಿಯಬಹುದೆಂದೊಬ್ಬ. ಕೊನೆಗೆ ಮಾರ್ಲಿಸ್ ಕೂಡ ಎದ್ದು, ಈಸ್ಟರ್‌ನಲ್ಲಿ ಬೆಕ್ಕು ಇದ್ದದ್ದು ನಿಜ, ತಾನು ಕಣ್ಣಾರೆ ಕಂಡಿದ್ದೆ ಎಂದಳು. ಇಷ್ಟೊಂದು ಜನ ಇಷ್ಟೊಂದು ಉತ್ಸಾಹದಿಂದ ಒಬ್ಬ ಮನುಷ್ಯನ ಮರ್ಯಾದೆಯನ್ನು ಉಳಿಸಿ, ಆ ಉಳಿಸುವಿಕೆಯಲ್ಲೇ ಅದನ್ನು ಇಷ್ಟು ಸಂಪೂರ್ಣವಾಗಿ ತೆಗೆದದ್ದು ಆ ಊರಿನ ಇತಿಹಾಸದಲ್ಲಿ ಬೇರೆ ಇಲ್ಲ.

ಆ ಹಾಳೆ ಶಾಲೆಯ ಅಭ್ಯಾಸಪತ್ರ, ಅದು ಯಾರನ್ನೂ ಕಟ್ಟಿಹಾಕದು, ಬಸ್ಸು ನಾಳೆಯಿಂದ ಎಲ್ಡನ್ನನದೇ ಎಂದು ಮಂಡಳಿ ಒಮ್ಮತದಿಂದ ತೀರ್ಮಾನಿಸಿತು. ಹ್ಯಾರ್ಲನ್ ಎಲ್ಲರನ್ನೂ ಅಂಗಡಿಗೆ ಕರೆದ. ಕುರ್ಚಿಗಳು ಉರುಳಿದವು. ಬೆಳಿಗ್ಗೆ ಬಸ್ಸು ತೆಗೆಯುವವನು ಹಿಂದಿನ ಸಂಜೆ ಕುಡಿಯುವಂತಿಲ್ಲವಾದ್ದರಿಂದ, ತನ್ನ ಬಿಡುಗಡೆಯ ಹಬ್ಬಕ್ಕೆ ಎಲ್ಡನ್ ಮಾತ್ರ ಹೋಗಲಿಲ್ಲ. ಬಾಗಿಲ ಬಳಿ ಇನ್ನೂ ಒಬ್ಬ ಹಿಂದುಳಿದಿದ್ದ: ಬ್ರಿನ್ನಾಳ ತಂದೆ ಡಾರೆಲ್ ಒಲ್ಸ್ಟಾಡ್. ಹ್ಯಾರ್ಲನ್ನನ ಅಂಗಡಿಯ ಮೂಲೆಯ ಆಸನವನ್ನು ಎಷ್ಟೋ ವರ್ಷಗಳಿಂದ ಬೇರೆಯವರಿಗೆ ಬಿಟ್ಟುಕೊಡದವನು. ಬೆಳಗಿನ ಹೊತ್ತು ಊರು ಅವನ ಮುಖವನ್ನೇ ಕಂಡಿರಲಿಲ್ಲ. ನಲವತ್ತರಲ್ಲಿ ಅವನದೂ ಒಂದು ಸಹಿ. ಸಾಕ್ಷಿ ಹೇಳಲು ಅವನು ಎದ್ದಿರಲಿಲ್ಲ. ಮಗಳ ಕೋಟಿನ ಗುಂಡಿ ಹಾಕಿ, ಅಂಗಡಿಯ ಕಡೆ ಹೋಗುವವರನ್ನೆಲ್ಲ ಮುಂದೆ ಬಿಟ್ಟು, ಬೇರೆ ದಾರಿಯಲ್ಲಿ ಮನೆಗೆ ನಡೆದ.

ಬುಧವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಎಲ್ಡನ್ ತನ್ನ ಆಸನದಲ್ಲಿ, ತನ್ನ ಬಸ್ಸಿನಲ್ಲಿ, ಮೊದಲ ನಿಲ್ದಾಣಕ್ಕೆ ಬಂದ. ದೀಪದ ಬೆಳಕಿಗೆ ಇಬ್ಬರು ಕಂಡರು. ಬ್ರಿನ್ನಾ ಹತ್ತಿ ಒಳಗೆ ಹೋದಳು. ಡಾರೆಲ್ ಹೋಗಲಿಲ್ಲ. ಕಾಫಿಯ ಲೋಟವನ್ನು ಎರಡು ಕೈಯಲ್ಲೂ ಹಿಡಿದಿದ್ದ. ಆದರೂ ಅದು ನಡುಗುತ್ತಿತ್ತು. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ.

"ಚಳಿ," ಎಂದ ಡಾರೆಲ್.

"ಹೂಂ. ಚಳಿ."

"ನಿನ್ನೆ ಅವರೆಲ್ಲ ನಿನಗೋಸ್ಕರ ಎಷ್ಟು ಸುಳ್ಳು ಹೇಳಿದ್ರು ನೋಡು. ಒಳ್ಳೆ ಜನ." ಅವನು ಹಿಂದೆ ಮುಂದೆ ನೋಡಿದ. "ನಿನ್ನ ಹೆಸರು ಅಷ್ಟು ದೊಡ್ಡದಾಗಿ ಇರದೇ ಇದ್ದಿದ್ರೆ ನಾನು ಹಾಕ್ತಿರಲಿಲ್ಲ ಎಲ್ಡನ್. ನನಗೆ ಇವತ್ತಿಗೆ ಆರು ದಿನ. ನಿನಗೆ?"

ಎಲ್ಡನ್ ಬಾಯಿ ತೆರೆದ. ವಾರವೆಲ್ಲ ಊರಿಗೆ ಹೇಳಿದ ವಾಕ್ಯ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು, ಈಗ ಮಂಡಳಿಯ ಮುದ್ರೆಯೊಂದಿಗೆ. ಮೇಲಿನ ಕನ್ನಡಿಯಲ್ಲಿ ಹುಡುಗಿ ಉಸಿರು ಹಿಡಿದು ಕೂತಿದ್ದಳು. ಅವನು ಸ್ಟೀರಿಂಗ್ ಚಕ್ರದ ಮೇಲೆ ಬೆರಳು ಮಡಿಸುತ್ತ, ಹೋದ ಶುಕ್ರವಾರದ ಹಿಂದಿನ ಶುಕ್ರವಾರದಿಂದ ಎಣಿಸಿದ. ಅಂದು ಅರ್ಧ ಗ್ಲಾಸು. ಆಮೇಲೆ ಊರು ಕೊಟ್ಟಿರಲಿಲ್ಲ.

"ಹನ್ನೆರಡು," ಎಂದ.

"ಹನ್ನೆರಡಾ," ಎಂದ ಡಾರೆಲ್. ಬಹಳ ಹೊತ್ತು ತಲೆಯಾಡಿಸಿದ. "ಹಾಗಾದ್ರೆ ಆಗತ್ತೆ ಅಂತಾಯ್ತು."

"ಆಗತ್ತೆ. ನಾಳೆ ಇಲ್ಲೇ ನಿಂತಿರು, ಹದಿಮೂರು ಹೇಳ್ತೀನಿ."

ಡಾರೆಲ್ ಮೆಟ್ಟಿಲಿನಿಂದ ಕಾಲು ತೆಗೆದ. ಎಲ್ಡನ್ ಬಾಗಿಲು ಮುಚ್ಚಿದ.

ಎರಡನೆಯ ನಿಲ್ದಾಣಕ್ಕೆ ಬಸ್ಸು ನಾಲ್ಕು ನಿಮಿಷ ತಡವಾಗಿ ತಲುಪಿತು. ಅಲ್ಲಿ ಇಬ್ಬರು ಮಕ್ಕಳನ್ನು ಹತ್ತಿಸಲು ಬಂದಿದ್ದ ತಾಯಿ ಗಡಿಯಾರ ನೋಡಿದಳು. ಆಮೇಲೆ ಎಲ್ಡನ್ನನ ಕೆಂಪೇರಿದ ಕಣ್ಣುಗಳನ್ನು ನೋಡಿದಳು. ಮಕ್ಕಳ ಕೈಯನ್ನು ಒಂದು ಕ್ಷಣ ಬಿಡದೆ ನಿಂತಳು. ಅವನು ಏನಾದರೂ ಹೇಳಿಯಾನೆಂದು ಕಾದಳು.

"ಚಳಿ ಜಾಸ್ತಿ ಇವತ್ತು," ಎಂದ ಎಲ್ಡನ್.